ಸರಿಯಾಗಿರುವ ಗಡಿಯನ್ನು ಮತ್ತೆ ಅಳೆಸುವ ಬಗ್ಗೆ

ಭೂಮಾಪನ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಗಡಿ ಅಳತೆಯ ಅರ್ಜಿಯನ್ನು ತಾವು “ವ್ಯತ್ಯಾಸವಿಲ್ಲ, ಅಳತೆ ಅನವಶ್ಯಕ” ಎಂದು ಬರೆದು ತಿರಸ್ಕರಿಸಿದ್ದೀರಿ. ವ್ಯತ್ಯಾಸವಿಲ್ಲ ಎಂಬುದು ನನಗೂ ಗೊತ್ತು. ವರ್ಷ ವರ್ಷ ಅಳೆಸಿ ಖಾತ್ರಿ ಮಾಡಿಕೊಂಡವಳು ನಾನೇ ತಾನೆ? “ಸುಮ್ನೆ ಯಾಕಮ್ಮ ದುಡ್ಡು ದಂಡ ಮಾಡ್ತೀರಾ? ಕಲ್ಲೇನು ಎದ್ದು ಓಡಾಡುತ್ತಾ?” ಎಂದು ತಮ್ಮ ಗುಮಾಸ್ತರು ಕೇಳಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಲ್ಲಿ ಹತ್ತು ಜನರ ಮುಂದೆ ಹೇಳಲು ನಾಚಿಕೆಯಾದ ಉತ್ತರವನ್ನು ಇಲ್ಲಿ, ಪತ್ರಿಕೆಗೆ ಕೊಟ್ಟ ಈ ಬಹಿರಂಗ ಪತ್ರದಲ್ಲಿ, ಊರಿಗೆಲ್ಲ ಹೇಳುತ್ತಿದ್ದೇನೆ.

ಅಪ್ಪನ ನಿವೇಶನದಲ್ಲಿ ಅಕ್ಕನಿಗೆ ಅರ್ಧ, ನನಗೆ ಅರ್ಧ. ನಡುವೆ ಗೋಡೆ ಎದ್ದಾಗ ಅವಳು ಗೇಣು ಜಾಗ ನುಂಗಿದಳೆಂದು ನಾನು, ನಾನು ನುಂಗಿದೆನೆಂದು ಅವಳು. ಸರ್ವೆಯರ್ ಬಂದು ಅಳೆದರು. ಗೋಡೆ ಎಲ್ಲಿರಬೇಕೋ ಅಲ್ಲೇ ಇತ್ತು. ಇಬ್ಬರೂ ಸೋತೆವು. ಸೋತವರು ಮೊದಲು ಮಾತಾಡಿಸುವ ರೂಢಿ ನಮ್ಮ ಮನೆತನದಲ್ಲಿಲ್ಲ.

ಆದರೆ ಅಳತೆಯ ದಿನ ಎರಡೂ ಕಡೆಯವರು ಹಾಜರಿರಬೇಕೆಂದು ತಮ್ಮದೇ ನಿಯಮವಿದೆ. ಅದನ್ನು ಮಾಡಿದವರ ಹೊಟ್ಟೆ ತಣ್ಣಗಿರಲಿ. ಒಂದು ವರ್ಷ ನಾನು ಅರ್ಜಿ ಹಾಕಿದರೆ ಮುಂದಿನ ವರ್ಷ ಅವಳು. ಸರ್ವೆಯರನ್ನು ನಡುವೆ ನಿಲ್ಲಿಸಿಕೊಂಡು ವರ್ಷದ ಮಾತೆಲ್ಲ ಆಡುತ್ತಿದ್ದೆವು.

“ಮಂಡಿ ನೋವು ಹೇಗಿದೆ ಅಂತ ಕೇಳಿ.”

“ಇದೆ ಅನ್ನಿ.”

ಪಾಪ, ಅವರು ಪ್ರತಿಯೊಂದನ್ನೂ ತಪ್ಪದೆ ದಾಟಿಸುತ್ತಿದ್ದರು.

ಹೋದ ವರ್ಷ ಅಕ್ಕ ಮೂಲೆಗಲ್ಲಿನ ಹತ್ತಿರ ಟೇಪಿನ ತುದಿ ಹಿಡಿದು ನಿಂತಿದ್ದಳು. ಇದ್ದಕ್ಕಿದ್ದಂತೆ ಟೇಪು ಸಡಿಲವಾಯಿತು.

“ಬಿಗಿಯಾಗಿ ಹಿಡೀಬೇಕಂತೆ ಅನ್ನಿ,” ಎಂದೆ.

“ಹಿಡಿದೇ ಇದ್ದೀನಿ ಅನ್ನಿ,” ಎಂದಳು.

ತುದಿ ಅವಳ ಕಾಲ ಬಳಿ ಬಿದ್ದಿತ್ತು. ಸರ್ವೆಯರ್ ನನ್ನ ಮುಖ ನೋಡಿದರು. ಅದೊಂದನ್ನು ದಾಟಿಸಲು ಅವರಿಂದಾಗಲಿಲ್ಲ.

“ಅಕ್ಕಾ, ನಿನ್ನ ಕೈಯಲ್ಲಿ ಏನೂ ಇಲ್ಲ ಕಣೇ,” ಎಂದೆ ನಾನೇ.

ಅವಳು ಕೈ ನೋಡಿಕೊಂಡಳು. ಒಂದು ತೋಳಿಗೆ ನಾನು, ಇನ್ನೊಂದಕ್ಕೆ ಸರ್ವೆಯರ್; ಹಾಗೇ ಆಸ್ಪತ್ರೆಗೆ ಒಯ್ದೆವು. ಪಾರ್ಶ್ವವಾಯು, ಬೇಗ ತಂದಿರಿ, ಬದುಕಿದರು ಎಂದರು ಡಾಕ್ಟರು. ಒಂಟಿ ಹೆಂಗಸು, ಬಾಗಿಲು ಹಾಕಿಕೊಂಡು ಒಳಗೆ ಬಿದ್ದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಗೋಡೆಯ ಈಚೆಗಿರುವ ನನಗಂತೂ ಅಲ್ಲ. ಆ ಅಳತೆಯೂ ಅನವಶ್ಯಕವೇ, ಸ್ವಾಮಿ?

ಗುಣವಾಗಿ ಮನೆಗೆ ಬಂದಳು. ಮಾತು ಮಾತ್ರ ಆಸ್ಪತ್ರೆಯಲ್ಲಿ ಆಡಿದ್ದು ಆಸ್ಪತ್ರೆಗೇ ಮುಗಿಯಿತು. ಮೊನ್ನೆ ಸರ್ವೆಯರ್ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು. “ಈ ವರ್ಷ ಅಳತೆ ಇಲ್ವಾ ಅಂತ ನಿಮ್ಮಕ್ಕ ಕೇಳಿದ್ರು. ದಿನಾ ನೀರು ತುಂಬಿದ ಚೊಂಬು ಎತ್ತಿ ಕೈ ಪಳಗಿಸ್ತಿದಾರೆ. ಟೇಪು ತಾವೇ ಹಿಡೀತಾರಂತೆ.”

ಆದ್ದರಿಂದ ಅರ್ಜಿಯನ್ನು ಮಂಜೂರು ಮಾಡತಕ್ಕದ್ದು. ವ್ಯತ್ಯಾಸ ಇರಲೇಬೇಕೆಂದಾದರೆ ತಿಳಿಸಿ. ಗಡಿಕಲ್ಲನ್ನು ನಾನೇ ನಾಲ್ಕು ಬೆರಳು ಸರಿಸಿ ಕೊಡುತ್ತೇನೆ. ಯಾವ ಕಡೆಗೆ ಎಂಬುದು ತಮಗೇ ಬಿಟ್ಟದ್ದು.

ಇಂತಿ,
ಜಾಗದ ಬಗ್ಗೆ ಯಾವ ತಕರಾರೂ ಇಲ್ಲದ,
ಪಕ್ಕದ ಮನೆಯವಳ ತಂಗಿ