ಮೊಹರು ಹಾಕಿದ ಪೆಟ್ಟಿಗೆಯ ಜ್ವರ

ಏಪ್ರಿಲ್ 4, ಶನಿವಾರ

ಸತ್ಯವನ್ನಲ್ಲದೆ ಬೇರೇನನ್ನೂ ಬರೆಯುವುದಿಲ್ಲವೆಂದು ಪ್ರಮಾಣ ಮಾಡಿ ಒಪ್ಪಿಕೊಳ್ಳುತ್ತೇನೆ: ಇಂದು ಮಧ್ಯಾಹ್ನ ಹೆಂಡತಿಯ ಅಲಂಕಾರದ ಡಬ್ಬಿಯಿಂದ ಕೆನ್ನೆಗೆ ಪೌಡರ್ ಹಚ್ಚುವ ಬ್ರಷ್ ಕದ್ದೆ. ಅವಳು ತರಕಾರಿಗೆ ಹೋಗಿದ್ದಳು. ಮಾವನವರು ಗೊರಕೆಯಲ್ಲಿದ್ದರು. ಉದ್ದೇಶ ಉದಾತ್ತ — ಕಂಪ್ಯೂಟರಿನ ಒಡಲಿನ ಧೂಳು ತೆಗೆಯುವುದು.

ವಾರದಿಂದ ಅದಕ್ಕೆ ಜ್ವರ. ಕಣ್ಣು ಕಾಣದ ಕಾಲೇಜು ಮಕ್ಕಳಿಗಾಗಿ ಇವಳು ವಿಜ್ಞಾನದ ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಾಳೆ. ತಿಂಗಳ ಕೊನೆಗೆ ಮಕ್ಕಳ ಪರೀಕ್ಷೆ. ಓದುತ್ತಿದ್ದಂತೆ ಪರದೆ ಕಪ್ಪಾಗುತ್ತದೆ, ಓದಿದ್ದೆಲ್ಲ ಹೋಗುತ್ತದೆ. ನಿನ್ನೆ ಹೋದದ್ದು 'ಶಾಖ' ಎಂಬ ಅಧ್ಯಾಯದ ನಡುವೆ.

"ಪಾಠ ಕೇಳಿ ಅದಕ್ಕೇ ತಲೆ ಬಿಸಿಯಾಯ್ತು ಅನ್ಸತ್ತೆ," ಅಂದಳು. ನಗಲಿಲ್ಲ ಮಾತ್ರ.

ನಾನಿರುವಾಗ ಚಿಂತೆಯೇ? ವಿಮಾ ಕಂಪನಿಯಲ್ಲಿ ನನ್ನದು ಅಗ್ನಿ ಶಾಖೆ. ಸುಟ್ಟ ಗೋದಾಮುಗಳ ಬೂದಿ ಕೆದಕಿ, ಹಚ್ಚಿದವರಾರೆಂದು ಹೇಳುವವನು ನಾನು. ಶಾಖವೆಂಬುದು ನನ್ನ ಶಾಖೆಗೇ ಸೇರಿದ ವಿಷಯ. ಇಲ್ಲಿಯವರೆಗೆ ಒಬ್ಬ ಕಳ್ಳನೂ ನನ್ನ ಕಣ್ಣು ತಪ್ಪಿಸಿಲ್ಲ.

ಮುಚ್ಚಳ ತೆಗೆದೆ. ಒಳಗೆ ಕಂಬಳಿಯಂಥ ಧೂಳು. ಬ್ರಷ್ಷಾಡಿಸಿದೆ, ಊದಿದೆ, ಕೆಮ್ಮಿದೆ, ಯಂತ್ರದ ಮೈಯನ್ನೂ ನನ್ನ ಮುಖವನ್ನೂ ಒಂದೇ ಮಮತೆಯಿಂದ ಒರೆಸಿದೆ. ಅಷ್ಟರಲ್ಲಿ ಗೇಟಿನ ಸದ್ದು. ಬ್ರಷ್ ಡಬ್ಬಿಗೆ, ಮುಚ್ಚಳ ಪೆಟ್ಟಿಗೆಗೆ, ನಾನು ಕುರ್ಚಿಗೆ.

ಸಂಜೆ ಎಲ್ಲರೆದುರು ತಿರುಪುಗಳ ಮೇಲೆ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕಿದೆ. ಕಸುಬಿನ ಚಾಳಿ — ತನಿಖೆ ಮುಗಿದ ಜಾಗಕ್ಕೆ ಮೊಹರು ಬೀಳಲೇಬೇಕು. ಆಜ್ಞೆಯನ್ನೂ ಹೊರಡಿಸಿದೆ: ಇವಳ ಹೊರತು ಆ ಕೋಣೆಗೆ ಯಾರೂ ಕಾಲಿಡಕೂಡದು.

"ನೋಡಮ್ಮಾ, ಅಳಿಯಂದಿರು ಕಂಪ್ಯೂಟರನ್ನೇ ಜಪ್ತಿ ಮಾಡಿದ್ರು," ಅಂದರು ಮಾವನವರು. ರೈಲ್ವೇ ಗಾರ್ಡ್ ಆಗಿದ್ದವರು. ಈಗಲೂ ಬಾವುಟ ತೋರಿಸುವವರಂತೆ ಕೈಯೆತ್ತಿಯೇ ಮಾತಾಡುತ್ತಾರೆ.

"ಒಳಗಿರೋದಕ್ಕೆಲ್ಲ ಇನ್ನು ನಾನು ಜವಾಬ್ದಾರ," ಅಂದೆ. "ಯಾವ ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ."

ಏಪ್ರಿಲ್ 5

ನಿನ್ನೆಯ ಧೂಳು ಹೆಂಡತಿಯ ಬಲಗೆನ್ನೆಯಲ್ಲಿ ಪತ್ತೆಯಾಯಿತು. "ಈ ಪೌಡರ್ ಯಾಕೋ ಬೂದಿ ಥರ ಇದೆ ಕಣ್ರೀ." — "ನಿನಗೆ ಅದೇ ಒಪ್ಪತ್ತೆ," ಅಂದುಬಿಟ್ಟೆ. ಸಂಜೆಯವರೆಗೆ ಮಾತಿಲ್ಲ. ಮನೆಯಲ್ಲಿ ತಂಪು ಇರುವುದು ಅವಳ ನೋಟದಲ್ಲಿ ಮಾತ್ರ.

ಏಪ್ರಿಲ್ 7

ಮತ್ತೆ ಆರಿತು. ಮೊದಲಿಗಿಂತ ಬೇಗ!

ಧೂಳಿಲ್ಲ. ಮೊಹರು ಭದ್ರ. ಅಂದರೆ ಯಂತ್ರದ ದೋಷವಲ್ಲ... ಕೈವಾಡ.

ಆಫೀಸಿಗೆ ಹೊರಡುವಾಗ ನೀಲಿ ಅಂಚಿನ ಕರವಸ್ತ್ರವೂ ಸಿಗಲಿಲ್ಲ. ಇವಳು ನನ್ನ ಹೆಸರಿನ ಮೊದಲಕ್ಷರ ಕಸೂತಿ ಮಾಡಿ ಕೊಟ್ಟದ್ದು. ಮಾವನವರ ಕುತ್ತಿಗೆಯ ಸುತ್ತ ನೀಲಿಯದೇನೋ ಕಂಡಂತಾಯಿತು. ಹತ್ತಿರ ಹೋಗಿ ನೋಡಿದೆ. ಟವೆಲ್. ಸದ್ಯಕ್ಕೆ ಟವೆಲ್.

ಏಪ್ರಿಲ್ 8

ನನ್ನ ಕಸುಬಿನಲ್ಲಿ ಮೊದಲು ಕೇಳುವುದು: ಬೆಂಕಿಯಿಂದ ಯಾರಿಗೆ ಲಾಭ? ಕಂಪ್ಯೂಟರಿನ ಫ್ಯಾನ್ ಗುಂಯ್‌ಗುಡುತ್ತದೆ. ಪಕ್ಕದ ಕೋಣೆಯಲ್ಲಿ ಮಾವನವರ ಮಧ್ಯಾಹ್ನದ ನಿದ್ದೆ. ಫ್ಯಾನಿಗೆ ಅವರು ಫ್ಯಾನ್ ಆಗಿರಲಾರರು. ಯಂತ್ರ ಸತ್ತರೆ ಗೊರಕೆ ಬದುಕಿತು!

ಕೇಳಿಯೇಬಿಟ್ಟೆ. "ಮಾವನೋರೇ, ಮಧ್ಯಾಹ್ನ ನಿದ್ದೆ ಚೆನ್ನಾಗಿ ಬರ್ತಾ ಇದ್ಯಾ?"

"ಎಲ್ಲಿ ನಿದ್ದೆ ಅಳಿಯಂದಿರೇ... ಈಗೀಗ ಮಲಗೋದೇ ಇಲ್ಲ," ಅಂದರು. ಮಗಳ ಕಡೆ ನೋಡಿದರು. ಮಗಳು ನೆಲ ನೋಡಿದಳು.

ಒಳಸಂಚು. ಇಬ್ಬರದೂ?

ಏಪ್ರಿಲ್ 10, ರಾತ್ರಿ ಊಟದ ನಂತರ

ಕಳೆಯದೆ ಉಳಿದ ರೆಕಾರ್ಡಿಂಗ್ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಎಷ್ಟು ಚೆನ್ನಾಗಿ ಓದುತ್ತಾಳೆ ಇವಳು. ನನ್ನ ಜೊತೆ ಮಾತಾಡುವಾಗ ಆ ದನಿಯನ್ನು ಎಲ್ಲಿಡುತ್ತಾಳೋ.

ಆದರೆ ದನಿಯ ಹಿಂದೆ ಇನ್ನೊಂದು ಸದ್ದು. ಸರ್... ಸರ್... ಸರ್... ಒಂದೇ ಲಯ. ಯಾರೋ ಏನನ್ನೋ ಉಜ್ಜುತ್ತಿದ್ದಾರೆ. ಅಥವಾ ಕೊಯ್ಯುತ್ತಿದ್ದಾರೆ. ವೈರ್?

ಕೋಣೆಯಲ್ಲಿ ಎರಡನೆಯ ವ್ಯಕ್ತಿ ಇದ್ದಾನೆ. ಆಜ್ಞೆ ಮೀರಿದ್ದಾನೆ.

ಏಪ್ರಿಲ್ 11, ಬೆಳಿಗ್ಗೆ

ಶನಿವಾರವಾದರೂ ಆಫೀಸಿಗೆ ಹೊರಟಿದ್ದೇನೆ, ಕಳ್ಳರಿಗೆ ಅವಕಾಶ ಬೇಕಲ್ಲ. ಇವಳ ಅದೇ ಅಲಂಕಾರದ ಡಬ್ಬಿಯಿಂದ ಒಂದು ಚಿಟಿಕೆ ಪೌಡರ್ ಕದ್ದು ಪೆಟ್ಟಿಗೆಯ ಹಿಂಭಾಗಕ್ಕೆ ಉದುರಿಸಿದೆ. ಅಪರಾಧ ಪತ್ತೆಗಾಗಿ ಅಪರಾಧ. ಮುಟ್ಟಿದವರ ಬಂಡವಾಳ ಬಿಳಿಯಾಗಿ ಬಯಲಾಗಲಿ.

ಅದೇ ದಿನ, ಸಂಜೆ

ಮಾವನವರ ಬಲ ತೋಳಿನ ಮೇಲೆ ಬಿಳಿ ಗುರುತು!

ಕಾಫಿ ಕುಡಿಯುತ್ತಿದ್ದರು. ಎದುರು ನಿಂತೆ. "ತೋಳಿಗೂ ಪೌಡರ್ ಹಚ್ಕೋತೀರಾ ಮಾವನೋರೇ?"

ನೋಡಿಕೊಂಡರು. ಕೊಡವಿದರು.

"ಮೂರು ಪಾಠ ಹಾಳಾಗಿದೆ. ಆ ಮಕ್ಕಳು ಏನು ಓದ್ಬೇಕು? ನಿಮ್ಮ ನಿದ್ದೆಗೋಸ್ಕರ ನೀವು..."

"ಸಾಕು ನಿಲ್ಸಿ!" ಇವಳು ಬಾಗಿಲಲ್ಲಿ. ರಟ್ಟಿನ ತುಂಡೊಂದನ್ನು ತಂದು ನನ್ನೆದುರು ಇಟ್ಟಳು. ಹಳೆಯ ಕ್ಯಾಲೆಂಡರಿನ ಬೆನ್ನು, ಹಿಡಿದು ಹಿಡಿದು ಒಂದು ಮೂಲೆ ಮೆತ್ತಗಾಗಿತ್ತು. "ದಿನಾ ಅಪ್ಪ ಆ ಪೆಟ್ಟಿಗೆ ಹಿಂದೆ ನೆಲದ ಮೇಲೆ ಕೂತು ಗಾಳಿ ಬೀಸ್ತಾರೆ. ಕೆಮ್ಮು ಬಂದ್ರೂ ತಡ್ಕೋತಾರೆ, ಮೈಕಿಗೆ ಕೇಳ್ಸತ್ತೆ ಅಂತ. ಅವ್ರು ಬೀಸೋದಕ್ಕೇ ಅದು ಅಷ್ಟು ಹೊತ್ತಾದ್ರೂ ನಡೆಯೋದು. ಕೈ ಸೋತಾಗ ಆರತ್ತೆ."

"ಮತ್ತೆ ಹೇಳೋದಲ್ವಾ?"

"ಯಾರೂ ಒಳಗೆ ಹೋಗ್ಬಾರ್ದು ಅಂತ ಫರ್ಮಾನು ಹೊರಡ್ಸಿದ್ದು ಯಾರು?"

ಮಾವನವರು ಲೋಟ ಕೆಳಗಿಟ್ಟರು. "ಹೋಗ್ಲಿ ಬಿಡಮ್ಮ. ಸರ್ವಿಸಲ್ಲಿದ್ದಾಗಲೂ ನನ್ನನ್ನ ಯಾರೂ ತನಿಖೆ ಮಾಡಿರ್ಲಿಲ್ಲ. ನಾಳೆ ಬೆಳಿಗ್ಗೆ ಗಾಡಿಗೆ ದೊಡ್ಡವಳ ಮನೆಗೆ ಹೋಗ್ತೀನಿ."

ಕೈಯೆತ್ತದೆ ಮಾತಾಡಿದರು. ಅದೇ ಹೆಚ್ಚು ಚುಚ್ಚಿತು.

ರಾತ್ರಿ

ಒಳಗಿನಿಂದ ಪೆಟ್ಟಿಗೆ ಎಳೆಯುವ ಸದ್ದು. ಆ ಪೆಟ್ಟಿಗೆಯಲ್ಲ, ಪ್ರಯಾಣದ್ದು.

ಕ್ಷಮೆ ಕೇಳಬೇಕು. ಕೇಳಬಹುದು. ಆದರೆ ಒಂದು ಅಂಶ... ಅವರು ಬೀಸುತ್ತಿದ್ದುದು ನಿಜವಿರಲಿ, ಬಿಸಿ ಮಾಡಿದವರು ಯಾರು? ಅದು ಇನ್ನೂ ಇತ್ಯರ್ಥವಾಗಿಲ್ಲ. ಒಳಗೆ ಕರೆಂಟು ಹಂಚುವ ಪವರ್ ಸಪ್ಲೈ ಹಳೆಯದೆಂದು ಗೊತ್ತಿದ್ದೂ ಈ ಕಂಪ್ಯೂಟರ್ ಮಾರಿದ ಅಂಗಡಿಯವನ ಮೇಲೆ ನನಗೆ ಮೊದಲಿಂದಲೂ ಅನುಮಾನ. ಕಪ್ಪು ಕನ್ನಡಕದವನು.

ಏಪ್ರಿಲ್ 12, ಬೆಳಗಿನ ಜಾವ

ನಿದ್ದೆ ಬರಲಿಲ್ಲ. ಅಂಗಡಿಯವನ ದೋಷ ಸಾಬೀತಾದರೆ ಅದನ್ನೇ ಮಾವನವರ ಮುಂದಿಟ್ಟು, ಇಬ್ಬರೂ ಸೇರಿ ಅವನನ್ನು ಬೈದು ಗೆಳೆಯರಾಗಬಹುದೆಂದು ಲೆಕ್ಕ ಹಾಕಿದೆ. ಮೊಹರು ಒಡೆಯಲು ಸಾಕ್ಷಿ ಬೇಕು. ಇವಳನ್ನು ಎಬ್ಬಿಸಿದೆ. ಮಾವನವರು ಆಗಲೇ ಶೂ ಹಾಕಿಕೊಂಡು ಹಜಾರದಲ್ಲಿ ಕೂತಿದ್ದರು. ಅವರನ್ನೂ ಕರೆದೆ.

"ನೋಡ್ಕೊಳ್ಳಿ. ಪಟ್ಟಿ ಹರಿದಿಲ್ಲ. ಸಹಿ ನನ್ನದೇ. ಅವತ್ತಿಂದ ಇದನ್ನ ಯಾರೂ ತೆಗೆದಿಲ್ಲ, ಒಪ್ತೀರಾ?"

"ಒಪ್ಪಿದೆ," ಅಂದರು ಮಾವನವರು.

"ಒಳಗೆ ಏನಿದ್ರೂ ಅದು ಅವತ್ತೇ ಇದ್ದದ್ದು?"

"ನೀವೇ ಹೇಳಿದ್ರಲ್ಲ, ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ ಅಂತ," ಅಂದಳು ಇವಳು, ಆಕಳಿಸುತ್ತ.

ಪಟ್ಟಿ ಕಿತ್ತೆ. ಮುಚ್ಚಳ ತೆಗೆದೆ. ಮುಖ ಮೊದಲು ಒಳಗೆ ಹಾಕಿದ್ದು ನಾನು. ಬೇಗ ಹೊರಗೆ ತೆಗೆಯಲು ಮನಸ್ಸಾಗಲಿಲ್ಲ.

ಅದೇ ಹೊತ್ತಿಗೆ ಮಾವನವರು ಗಡಿಯಾರ ನೋಡಿ ಎದ್ದರು. ಕೈಯಲ್ಲಿ ಪೆಟ್ಟಿಗೆ. ಈಗ ಬಾಯಿಬಿಡದಿದ್ದರೆ ಅವರು ಹೋಗುತ್ತಾರೆ. ಬಿಟ್ಟರೆ ನನ್ನ ಇಷ್ಟು ವರ್ಷಗಳ ತನಿಖೆಯ ಹೆಸರೇ ಹೋಗುತ್ತದೆ.

"ಮಾವನೋರೇ, ಕೂತ್ಕೊಳ್ಳಿ. ಕಳ್ಳ ಸಿಕ್ಕಿದ."

"ಯಾರು?" ಇಬ್ಬರೂ ಒಟ್ಟಿಗೆ.

ಪವರ್ ಸಪ್ಲೈನ ಜಾಲರಿಗೆ, ಗಾಳಿ ಎಳೆಯುವ ಬಾಯಿಗೇ ಸರಿಯಾಗಿ, ಹೀರಿಕೊಂಡು ಅಂಟಿ ಕೂತಿತ್ತು. ಬೆಚ್ಚಗೆ. ಅಂಚು ಸ್ವಲ್ಪ ಸೀದಿತ್ತು. ನೀಲಿ ಅಂಚು. ಮೂಲೆಯಲ್ಲಿ, ಇವಳೇ ಕಸೂತಿ ಮಾಡಿದ, ನನ್ನ ಹೆಸರಿನ ಮೊದಲಕ್ಷರ.