ಅತ್ತೆಯವರು ಬಿಟ್ಟ ಒಗರು

ನಾಂದಣಿ, ಜೂನ್ ೧೯೬೨

ಅವ್ವನ ಪಾದಗಳಿಗೆ ಸುಮತಿಯ ನಮಸ್ಕಾರ.

ಅತ್ತೆಯವರು ಸಲ್ಲೇಖನ ಹಿಡಿದು, ಅನ್ನನೀರು ಬಿಡುವ ಮೊದಲು ಒಂದೊಂದೇ ರುಚಿ ಬಿಡುತ್ತಿದ್ದಾರೆ. ಸಿಹಿ, ಹುಳಿ, ಉಪ್ಪು ಬಿಟ್ಟಾಯಿತು. ನಿನ್ನೆ ಒಂದು ನೇರಳೆ ಹಣ್ಣು ಬಾಯಲ್ಲಿಟ್ಟುಕೊಂಡು, ಇಲ್ಲಿಯವರು 'ತುರಟ' ಎನ್ನುವ ಈ ರುಚಿಗೆ ನಮ್ಮ ಕಡೆ ಏನೆನ್ನುತ್ತಾರೆಂದು ಮರಾಠಿಯಲ್ಲೇ ಕೇಳಿದರು.

"ಒಗರು ಅಂತೀವ್ರಿ. ನಾಲಿಗಿ ಹಿಡಿದಂಗ ಆಗ್ತೈತಲ್ರಿ, ಅದಕ್ಕ" ಎಂದೆ.

ಅವರು ನೇರಳೆ ಬೀಜವನ್ನು ಅಂಗೈಗೆ ತೆಗೆದರು. "ನಮ್ಮವ್ವ ಹಂಗ ಅಂತಿದ್ಲು. ಮದಿವ್ಯಾಗಿ ಬಂದು ಮರ್ತಬಿಟ್ಟಿದ್ದೆ. ಇವತ್ತಿಗೆ ಒಗರೂ ಬಿಟ್ಟೆ, ಮಗಳ" ಎಂದು ಕೈಮುಗಿದರು. ಅವರ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು.

ನೀನು ಕೇಳಿದ್ದ ನನ್ನ ಕೆಮ್ಮು ವಾಸಿಯಾಗಿದೆ. ಪ್ರತಿ ವರ್ಷದಂತೆ ಈ ಸಲ ನೇರಳೆ ಕಳಿಸಬೇಡ, ಅಣ್ಣನನ್ನು ಕಳಿಸು. ನಾಲ್ಕು ಮಾತು ಕನ್ನಡದಲ್ಲಿ ಆಡಿ ಹೋಗಲಿ. ನಾನೂ ಮರೆತೇನು.