ಒಂದು ಖಾನೆಯಲ್ಲಿ ಹಿಡಿಸದ ತಂಗಿ

ಕ್ರಿಕೆಟ್ ಮಂಡಳಿಯ ದಾಖಲೆ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನನಗಿರುವುದು ಒಬ್ಬಳೇ ತಂಗಿ. ಅವಳು ದೇಶದ ಮಹಿಳಾ ತಂಡಕ್ಕೆ ಹನ್ನೆರಡು ವರ್ಷ ಆಡಿದಳು, ಒಟ್ಟು ಅರವತ್ತೊಂದು ಅಂತರರಾಷ್ಟ್ರೀಯ ಪಂದ್ಯ. ಆ ಆಟದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ತಮ್ಮ ವಿಭಾಗ ಅಳಿಸಿಹಾಕಿದೆ. ಇದರ ಹಿಂದೆ ದ್ವೇಷವೇನೂ ಇಲ್ಲವೆಂದು ಬಲ್ಲೆ. ದ್ವೇಷಕ್ಕೆ ಇಷ್ಟು ಶಿಸ್ತು ಇರುವುದಿಲ್ಲ. ತಮ್ಮ ಕಚೇರಿಯ ಅಚ್ಚುಕಟ್ಟುತನವೇ ಅವಳನ್ನು ನುಂಗಿದೆ. ಈ ತಿಂಗಳ ಕೊನೆಯೊಳಗೆ ಅದು ಸರಿಹೋಗದಿದ್ದರೆ ಅವಳ ಕೆಲಸವೂ ಹೋಗುತ್ತದೆ. ನಾನು ಬರೆದ ಮೂರು ಮನವಿಗಳಿಗೆ ತಮ್ಮಿಂದ ಒಂದೇ ಉತ್ತರ ಮೂರು ಸಲ ಬಂದಿರುವುದರಿಂದ, ನಾಲ್ಕನೆಯದನ್ನು ಹೀಗೆ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನನ್ನ ತಂಗಿ ಆಲ್‌ರೌಂಡರ್. ಆರನೆಯವಳಾಗಿ ಬ್ಯಾಟ್ ಹಿಡಿದು ಹೋಗುತ್ತಿದ್ದಳು. ಎದುರಾಳಿಗಳು ಆಡುವಾಗ ಮಧ್ಯಮ ವೇಗದಲ್ಲಿ ಹತ್ತು ಓವರ್ ಎಸೆಯುತ್ತಿದ್ದಳು. ಎರಡು ಪಾಳಿ ದುಡಿಯುವವಳೆಂದು ತಂಡದವರು ಅವಳಿಗೆ 'ಓವರ್‌ಟೈಮ್' ಎಂದೇ ಹೆಸರಿಟ್ಟಿದ್ದರು. ಇಂಥವರ ಹೆಸರು ಸ್ಕೋರ್ ಪುಸ್ತಕದಲ್ಲಿ ಎರಡು ಕಡೆ ಬರುತ್ತದೆ, ಬ್ಯಾಟಿಂಗ್ ಪುಟದಲ್ಲೊಮ್ಮೆ, ಬೌಲಿಂಗ್ ಪುಟದಲ್ಲೊಮ್ಮೆ. ಮಹಿಳಾ ತಂಡದ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವಾಗ ತಮ್ಮ ವಿಭಾಗ ಒಂದು ನಿಯಮ ಮಾಡಿಕೊಂಡಿತು: ಒಂದು ಪಂದ್ಯಕ್ಕೆ ಒಂದು ಹೆಸರು ಒಂದೇ ಸಲ, ಎರಡನೆಯ ಸಲ ಕಂಡರೆ ಅದು ನಕಲು, ತೆಗೆದುಹಾಕತಕ್ಕದ್ದು. ಅಲ್ಲಿಗೆ ಮುಗಿಯಿತು. ನಮ್ಮವರು ಮೊದಲು ಬ್ಯಾಟ್ ಮಾಡಿದ ದಿನ ಅವಳ ರನ್ನು ಉಳಿಯಿತು, ವಿಕೆಟ್ಟು ಹೋಯಿತು. ಮೊದಲು ಫೀಲ್ಡಿಂಗ್ ಮಾಡಿದ ದಿನ ವಿಕೆಟ್ಟು ಉಳಿಯಿತು, ರನ್ನು ಹೋಯಿತು. ಯಾವತ್ತೋ ಯಾವುದೋ ಮೈದಾನದಲ್ಲಿ ನಾಣ್ಯ ಚಿಮ್ಮಿದ ನಮ್ಮ ನಾಯಕಿಗೆ, ತಾನು ನಿರ್ಧರಿಸುತ್ತಿರುವುದು ನನ್ನ ತಂಗಿಯ ಯಾವ ಅರ್ಧ ಬದುಕಬೇಕೆಂಬುದನ್ನು ಎಂದು ಗೊತ್ತಿರಲಿಕ್ಕಿಲ್ಲ.

ತಮ್ಮ ಕಚೇರಿಗೆ ನಾನೇ ಬಂದಿದ್ದೆ. ಎರಡನೇ ಮಹಡಿ, ನೀರಿನ ಯಂತ್ರದ ಪಕ್ಕದ ಕೋಣೆ. ಕಿಟಕಿಯ ಬಳಿ ಕೂತಿದ್ದ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು. ಊಟದ ಡಬ್ಬಿ ಮುಚ್ಚಿಟ್ಟು ನನ್ನ ಮಾತು ಕೇಳಿದರು.

"ನೋಡಿ ಮೇಡಂ, ಒಂದು ಹೆಸರು ಒಂದೇ ಸಲ. ಇಲ್ಲಾಂದ್ರೆ ಕಂಪ್ಯೂಟರ್ ತಗೊಳ್ಳಲ್ಲ."

"ಅವಳು ಬ್ಯಾಟಿಂಗೂ ಮಾಡಿ ಬೌಲಿಂಗೂ ಮಾಡಿದ್ರೆ ಏನಮ್ಮ ಮಾಡೋದು?"

ಅವರು ನಿಜವಾಗಿಯೂ ಯೋಚಿಸಿದರು. "ಅದನ್ನ ಅವರು ಆವಾಗ್ಲೇ ಯೋಚನೆ ಮಾಡ್ಬೇಕಿತ್ತು ಮೇಡಂ."

"ಪುರುಷರ ತಂಡದಲ್ಲೂ ಆಲ್‌ರೌಂಡರ್‌ಗಳಿದ್ದಾರಲ್ಲ, ಅವರದ್ದು ಹೇಗೆ ತಗೊಳ್ತು?"

"ಅಯ್ಯೋ, ಅದು ಬೇರೆ ಕಂಪ್ಯೂಟರ್ ಮೇಡಂ."

ನಾನು ಎಂ.ಎ. ಓದಿದವಳು, ಕವಿತೆ ಓದುತ್ತಲೇ ಅರ್ಧ ಆಯುಷ್ಯ ಕಳೆದವಳು. ಇಷ್ಟು ಚಿಕ್ಕ ಸಾಲಿನಲ್ಲಿ ಇಷ್ಟು ದೊಡ್ಡ ಸತ್ಯವನ್ನು ಯಾವ ಕವಿಯೂ ನನಗೆ ಹೇಳಿರಲಿಲ್ಲ. ಕೈಮುಗಿದು ಮೆಟ್ಟಿಲಿಳಿದೆ.

ಈಗ ಕೆಲಸದ ವಿಷಯ. ಆರು ವರ್ಷಗಳಿಂದ ನನ್ನ ತಂಗಿ ತಮ್ಮ ಮಂಡಳಿಯ ಬಾಲಕಿಯರ ತರಬೇತಿ ಕೇಂದ್ರದಲ್ಲಿ ಹಂಗಾಮಿ ಕೋಚ್. ಮೂವತ್ತೊಂದು ಹುಡುಗಿಯರಿದ್ದಾರೆ. ಆ ಹುದ್ದೆಯನ್ನು ಈಗ ಕಾಯಂ ಮಾಡುತ್ತಿದ್ದೀರಿ, ಸಂತೋಷ. ಅರ್ಜಿಯ ಜೊತೆ ದಾಖಲೆ ವಿಭಾಗದ ಪ್ರಮಾಣಪತ್ರ ಇರಬೇಕಂತೆ, ಅದೂ ಸರಿ. ಅರ್ಹತೆ ಏನೆಂದರೆ, ಬ್ಯಾಟರ್ ಆಗಿದ್ದರೆ ಸಾವಿರ ರನ್, ಬೌಲರ್ ಆಗಿದ್ದರೆ ಎಪ್ಪತ್ತೈದು ವಿಕೆಟ್, ಕೀಪರ್ ಆಗಿದ್ದರೆ ಐವತ್ತು ಬಲಿ. 'ಯಾವುದಾದರೂ ಒಂದು ಖಾನೆಗೆ ಮಾತ್ರ ಗುರುತು ಹಾಕಿ.' ಅವಳು ಎರಡಕ್ಕೆ ಗುರುತು ಹಾಕಿದಳು. ಅರ್ಜಿ ಹಿಂದಕ್ಕೆ ಬಂತು. ಜೊತೆಗೆ ಬಂದ ಪ್ರಮಾಣಪತ್ರದಲ್ಲಿ ಐನೂರ ಇಪ್ಪತ್ತಮೂರು ರನ್, ಮೂವತ್ತೇಳು ವಿಕೆಟ್ ಎಂದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 'ಪುನರಾವರ್ತನೆ ತೆಗೆಯಲಾಗಿದೆ.' ಹನ್ನೆರಡು ವರ್ಷದ ಬೆವರಿಗೆ ಇಷ್ಟು ಸಂಕ್ಷಿಪ್ತ ವಿಮರ್ಶೆ ಬರೆದ ಪುಣ್ಯಾತ್ಮರು ಯಾರೋ, ಅವರನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ.

ನಮ್ಮ ಮನೆಯಲ್ಲಿ ಅಮ್ಮ ಒಬ್ಬಳೇ ತಮ್ಮ ಪಕ್ಷದವಳು ಎಂದು ಹೇಳಿಬಿಡುತ್ತೇನೆ. ನಾವು ಚಿಕ್ಕವರಿದ್ದಾಗ ಬೀದಿಯ ಆಟ ನೋಡಿ ಅವಳು ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು: "ಹೊಡೆಯೋದೂ ನೀನೇ, ಹಾಕೋದೂ ನೀನೇ! ಬೇರೆ ಮಕ್ಕಳಿಗೆ ಏನಾದ್ರೂ ಬಿಡ್ತೀಯೇನೇ?" ಅಪ್ಪ ದರ್ಜಿ. ಹಳೇ ಹಾಸಿಗೆಯ ಹತ್ತಿ ತುಂಬಿ ಮಗಳಿಗೆ ಪ್ಯಾಡ್ ಹೊಲಿದು ಕೊಟ್ಟರು. ಒಂದಕ್ಕೆ ಹಸಿರು ಬಟ್ಟೆ, ಇನ್ನೊಂದಕ್ಕೆ ಯಾರದೋ ಪರದೆಯಲ್ಲಿ ಉಳಿದ ಹೂವಿನ ಬಟ್ಟೆ. ಮೊದಲ ಆಯ್ಕೆ ಶಿಬಿರಕ್ಕೆ ಅವಳು ಹೋದದ್ದು ಆ ಹೂವಿನ ಕಾಲಲ್ಲೇ. ನಕ್ಕವರಲ್ಲಿ ಮೂವರನ್ನು ಅವತ್ತು ಔಟ್ ಮಾಡಿದಳು.

ನಾನು ಸ್ಕೋರರ್ ಆದದ್ದು ಆಸೆಯಿಂದೇನಲ್ಲ. ಆಗ ಮಹಿಳಾ ತಂಡಕ್ಕೆ ಸ್ಕೋರ್ ಬರೆಯಲು ಯಾರೂ ಸಿಗುತ್ತಿರಲಿಲ್ಲ. ನಾನಿನ್ನೂ ಎಂ.ಎ. ತರಗತಿಯಲ್ಲಿದ್ದೆ. ತಂಗಿಯ ಚೀಲ ಹಿಡಿದುಕೊಂಡು ಒಂದು ಪಂದ್ಯಕ್ಕೆ ಹೋಗಿದ್ದೆ. ಮ್ಯಾನೇಜರಮ್ಮ ನನ್ನ ಕೈಲಿದ್ದ ಕವನ ಸಂಕಲನ ಕಿತ್ತಿಟ್ಟು, "ಓದು ಬರಹ ಬಲ್ಲವಳು, ಕೂತ್ಕೊ ಇಲ್ಲಿ" ಎಂದು ಸ್ಕೋರ್ ಪುಸ್ತಕ ಕೊಟ್ಟರು. ಹನ್ನೆರಡು ವರ್ಷ ಕೂತೆ. ಬೆವರಿಗೆ ಶಾಯಿ ಹರಡುತ್ತದೆಂದು ಪೆನ್ಸಿಲಿನಲ್ಲೇ ಬರೆಯುತ್ತಿದ್ದೆ. ರನ್ ಬಾರದ ಎಸೆತಕ್ಕೆ ಒಂದು ಚುಕ್ಕಿ ಇಡಬೇಕು. ಮೊದಮೊದಲು ಬೇಸರವಾಗುತ್ತಿತ್ತು, ಆಮೇಲೆ ಆ ಚುಕ್ಕಿಗಳ ಸಾಲೇ ನನಗೆ ಇಷ್ಟವಾಯಿತು. ಏನೂ ಆಗಲಿಲ್ಲ ಎನ್ನುವುದನ್ನೂ ಬರೆದಿಡಬೇಕು ಎಂಬುದು ಎಷ್ಟು ಮರ್ಯಾದೆಯ ಕೆಲಸ! ಏನೂ ಆಗದ್ದಕ್ಕೂ ನಮ್ಮಲ್ಲಿ ಒಂದು ಗುರುತಿತ್ತು. ಆದದ್ದನ್ನೇ ಅಳಿಸುವ ಪದ್ಧತಿ ಆಮೇಲೆ ಬಂದದ್ದು.

ಅಂಥ ಹನ್ನೊಂದು ಪುಸ್ತಕಗಳು ನನ್ನ ಬಳಿ ಇವೆ. ಅಪ್ಪನ ಅಂಗಡಿಯ ತುಂಡು ಬಟ್ಟೆಯ ಹೊದಿಕೆ. ಪ್ರತಿ ಪಂದ್ಯದ ಕೊನೆಯಲ್ಲಿ ಎದುರಾಳಿ ತಂಡದ ಸ್ಕೋರರ್ ಸಹಿ. ಮಂಡಳಿಗೆ ಕೊಟ್ಟ ಪ್ರತಿಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ತಾವು ವಿಲೇವಾರಿ ಮಾಡಿದ್ದೀರಿ ಎಂದು ತಿಳಿಯಿತು. ಆದ್ದರಿಂದ ನನ್ನವನ್ನು ನೋಡಿ ಎಂದು ಬರೆದೆ. ತಮ್ಮ ಉತ್ತರ: 'ಆಟಗಾರ್ತಿಯ ರಕ್ತಸಂಬಂಧಿ ಬರೆದ ದಾಖಲೆಯನ್ನು ಪರಿಗಣಿಸಲಾಗದು.' ಮಾನ್ಯರೇ, ತಾವೇ ಕೊಟ್ಟ ಬ್ಯಾಡ್ಜು ನನ್ನ ಬಳಿ ಇನ್ನೂ ಇದೆ. ಅದರ ಮೇಲೆ 'ಅಧಿಕೃತ ಸ್ಕೋರರ್' ಎಂದಿದೆ. ಪುಕ್ಕಟೆ ಬರೆಯುವಾಗ ಅಧಿಕೃತಳಾಗಿದ್ದ ನಾನು, ಸಾಕ್ಷಿ ಹೇಳುವಾಗ ಅಕ್ಕನಾಗಿಬಿಟ್ಟೆನೆ?

ಅಕ್ಕನ ಪಕ್ಷಪಾತ ಎಂಥದ್ದೆಂದು ಹೇಳುತ್ತೇನೆ, ಕೇಳಿ. ಹತ್ತೊಂಬತ್ತು ವರ್ಷದ ಹಿಂದೆ, ಹೊರದೇಶದ ಒಂದು ಮೈದಾನ. ಸರಣಿಯ ಕೊನೆಯ ಪಂದ್ಯ. ನಮ್ಮವರು ಮೊದಲು ಆಡುತ್ತಿದ್ದರು, ಇನ್ನಿಂಗ್ಸಿನ ಕೊನೆಯ ಎಸೆತ, ತಂಗಿ ನಲವತ್ತೊಂಬತ್ತರಲ್ಲಿದ್ದಳು. ಅದುವರೆಗೆ ಅವಳು ಅರ್ಧಶತಕ ಕಂಡವಳಲ್ಲ. ಚೆಂಡು ಒಳಕ್ಕೆ ನುಗ್ಗಿತು, ಎಲ್ಲಿಗೋ ತಗುಲಿ ಬದಿಗೆ ಹೋಯಿತು, ಇಬ್ಬರೂ ಓಡಿ ಒಂದು ರನ್ ಪೂರೈಸಿದರು. ನಮ್ಮವರೆಲ್ಲ ಎದ್ದು ಚಪ್ಪಾಳೆ. ಅಂಪೈರು ಮಾತ್ರ ಮೊಣಕಾಲೆತ್ತಿ ತಟ್ಟಿದರು: ಲೆಗ್ ಬೈ. ಅಂದರೆ ಚೆಂಡು ಕಾಲಿಗೆ ಬಡಿದಿದೆ, ರನ್ ತಂಡಕ್ಕೆ ಸೇರುತ್ತದೆ, ಆಡಿದವಳಿಗಿಲ್ಲ. ನಾನು ಹಾಗೆಯೇ ಬರೆದೆ.

ಪ್ಯಾಡ್ ಬಿಚ್ಚದೆ ನೇರ ನನ್ನ ಮೇಜಿಗೆ ಬಂದಳು.

"ಅಕ್ಕಾ, ಬ್ಯಾಟಿಗೆ ತಗುಲಿತ್ತು ಕಣೇ."

"ಅಂಪೈರು ಕಾಲು ತಟ್ಟಿದ್ರು."

"ನೀನು ಯಾರ ಅಕ್ಕ? ನನ್ನಕ್ಕನೋ, ಅಂಪೈರಕ್ಕನೋ?"

"ಈ ಮೇಜಿನ ಹಿಂದೆ ಯಾರಕ್ಕನೂ ಅಲ್ಲ. ಹೋಗಿ ನೀರು ಕುಡಿ."

ಮೂರು ದಿನ ಮಾತಿಲ್ಲ. ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಸೋಪು ಬೇಕಾದರೂ ವಿಕೆಟ್ ಕೀಪರ್ ಹುಡುಗಿಯ ಮೂಲಕ ಕೇಳಿಕಳಿಸುತ್ತಿದ್ದಳು. ಆ ಪಂದ್ಯದಲ್ಲಿ ಅವಳು ಆಮೇಲೆ ಹತ್ತು ಓವರ್ ಹಾಕಿ ನಾಲ್ಕು ವಿಕೆಟ್ ಕಿತ್ತು ಸರಣಿ ಗೆಲ್ಲಿಸಿದಳು. ನಮ್ಮವರು ಮೊದಲು ಬ್ಯಾಟ್ ಮಾಡಿದ್ದರಿಂದ ಆ ನಾಲ್ಕು ವಿಕೆಟ್ ಈಗ ತಮ್ಮ ಲೆಕ್ಕದಲ್ಲಿ ನಕಲು. ಅರ್ಧಶತಕ ಮತ್ತೆಂದೂ ಬರಲಿಲ್ಲ. ನಲವತ್ತೊಂಬತ್ತೇ ಅವಳ ಗರಿಷ್ಠ. ಅಂದಿನಿಂದ ಇಂದಿನವರೆಗೆ ಯಾರ ಹುಟ್ಟುಹಬ್ಬವಿರಲಿ, ಯಾರ ಮದುವೆಯಿರಲಿ, ನನ್ನನ್ನು ಹೊಸಬರಿಗೆ ಪರಿಚಯಿಸುವುದು ಒಂದೇ ರೀತಿ: "ಇವಳು ನನ್ನಕ್ಕ. ನನ್ನ ಒಂದು ರನ್ ಇವಳ ಹತ್ರ ಇದೆ."

ಕಳೆದ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹನ್ನೊಂದೂ ಪುಸ್ತಕ ಹರಡಿಕೊಂಡು ಕೂತು ಅವಳ ಆಟವನ್ನೆಲ್ಲ ಕೂಡಿದೆ. ವಿಕೆಟ್ ಅರವತ್ತೆಂಟು. ರನ್ ಒಂಬೈನೂರ ತೊಂಬತ್ತೊಂಬತ್ತು. ತಪ್ಪಿರಬೇಕೆಂದು ಮತ್ತೆ ಕೂಡಿದೆ. ಮೂರನೇ ಸಲವೂ ಅಷ್ಟೇ. ಸಾವಿರಕ್ಕೆ ಒಂದು ಕಡಿಮೆ.

ನಾನು ಹೇಳಬಾರದ್ದನ್ನು ಹೇಳುತ್ತಿದ್ದೇನೆ. ಪೆನ್ಸಿಲಿನಲ್ಲಿ ಬರೆದ ಪುಟ. ಒಂದು ಅಂಕೆಯನ್ನು ಲೆಗ್ ಬೈ ಸಾಲಿನಿಂದ ತೆಗೆದು ಅವಳ ಹೆಸರಿನ ಮುಂದೆ ಇಟ್ಟರೆ ತಂಡದ ಮೊತ್ತ ಬದಲಾಗುವುದಿಲ್ಲ, ಯಾವ ಸಹಿಯೂ ಸುಳ್ಳಾಗುವುದಿಲ್ಲ. ಆ ಅಂಪೈರು ಈಗ ಎಲ್ಲಿದ್ದಾರೋ. ತಂಗಿ ಎದುರಿಗೇ ನೆಲದ ಮೇಲೆ ಕೂತು ಹುಡುಗಿಯರ ಬ್ಯಾಟುಗಳ ಹಿಡಿಗೆ ರಬ್ಬರು ಸುತ್ತುತ್ತಿದ್ದಳು. ನಾನು ಡ್ರಾಯರ್ ಎಳೆದೆ.

"ಏನಕ್ಕಾ ಹುಡುಕ್ತಿದ್ದೀಯ?"

"ಪೆನ್ಸಿಲ್ ಅಳಿಸೋ ರಬ್ಬರು."

ಅವಳ ಕೈ ನಿಂತಿತು. ಮೇಜಿನ ಮೇಲೆ ಯಾವ ಪುಸ್ತಕ ತೆರೆದಿದೆಯೆಂದು ಹೊದಿಕೆಯ ಬಟ್ಟೆ ನೋಡಿಯೇ ಅವಳಿಗೆ ತಿಳಿದಿರಬೇಕು.

"ಬೇಡ."

"ಹತ್ತೊಂಬತ್ತು ವರ್ಷದಿಂದ ಕೇಳ್ತಿದ್ದೀಯಲ್ಲೇ, ತಗೋ."

"ಪ್ಯಾಡಿಗೇ ತಗುಲಿದ್ದು ಅಕ್ಕಾ."

"ಏನಂದೆ?"

"ಕಾಲಿಗೇ ಬಿದ್ದಿದ್ದು. ಮೊಣಕಾಲು ಎರಡು ದಿನ ಊದಿತ್ತು. ನನಗೆ ಗೊತ್ತಿರಲ್ವೇನೇ?" ಎಂದು ಬ್ಯಾಟಿನ ಹಿಡಿ ತಿರುಗಿಸತೊಡಗಿದಳು. "ನೀನು ನೋಡಬಾರದು ಅಂತಾನೇ ಮೂರು ದಿನ ಮಾತು ಬಿಟ್ಟಿದ್ದು. ಅವತ್ತೇ ನೋಡಿದ್ರೆ ನೀನು ಮ್ಯಾನೇಜರಮ್ಮನಿಗೆ ಹೇಳ್ತಿದ್ದೆ, ಅವರು ಬೌಲಿಂಗಿಗೆ ಬಿಡ್ತಿರ್ಲಿಲ್ಲ."

"ಮತ್ತೆ ಇಷ್ಟು ವರ್ಷ ನನ್ನ ಮಾನ ಯಾಕೆ ಕಳೆದೆ?"

"ನಿನ್ನನ್ನ ಗೋಳು ಹೊಯ್ಕೊಳ್ಳೋಕೆ ಇನ್ನೇನಿತ್ತು ನನ್ನ ಹತ್ರ?"

ಡ್ರಾಯರ್ ಮುಚ್ಚಿದೆ. ಆ ಊದಿದ ಮೊಣಕಾಲಿನಲ್ಲೇ ಹತ್ತು ಓವರ್ ಓಡಿ ಓಡಿ ಎಸೆದಿದ್ದಳು ಎಂಬುದು ನನಗೆ ಆಗ, ಅಲ್ಲಿ, ಹೊಳೆದದ್ದು. ಪ್ರತಿ ಎಸೆತವನ್ನೂ ಬರೆದವಳು ನಾನು. ಕುಂಟಿದ್ದಕ್ಕೆ ಸ್ಕೋರ್ ಪುಸ್ತಕದಲ್ಲಿ ಗುರುತಿಲ್ಲ.

ಹೀಗಾಗಿ ಮಾನ್ಯರೇ, ನನ್ನ ತಂಗಿಯನ್ನು ಒಂದು ರನ್ನಿನಿಂದ ಅನರ್ಹಗೊಳಿಸುವ ದಾಖಲೆಯನ್ನು ನಾನೇ ತಮ್ಮ ಮುಂದೆ ಇಡುತ್ತಿದ್ದೇನೆ. ರಕ್ತಸಂಬಂಧಿಯಿಂದ ಇದಕ್ಕಿಂತ ಹೆಚ್ಚಿನ ಪ್ರಾಮಾಣಿಕತೆ ಬೇಕೆಂದರೆ ದಯವಿಟ್ಟು ನಮೂನೆ ಕಳಿಸಿ, ತುಂಬಿ ಕೊಡುತ್ತೇನೆ. ಇನ್ನು ತಾವು ಯೋಚಿಸಬೇಕಾದದ್ದು. ಒಂಬೈನೂರ ತೊಂಬತ್ತೊಂಬತ್ತು ರನ್ ಮಾಡಿದವಳು ಬ್ಯಾಟರ್ ಅಲ್ಲ, ಅರವತ್ತೆಂಟು ವಿಕೆಟ್ ಕಿತ್ತವಳು ಬೌಲರ್ ಅಲ್ಲ, ಎರಡನ್ನೂ ಮಾಡಿದವಳು ಯಾರೂ ಅಲ್ಲ ಎಂದು ತಮ್ಮ ಅರ್ಜಿ ಹೇಳುತ್ತದೆ. ಹನ್ನೊಂದು ಜನರ ತಂಡ ಹನ್ನೆರಡು ವರ್ಷ ಅವಳನ್ನು ಏನೆಂದುಕೊಂಡು ಆಡಿಸಿತು?

ಕೇಂದ್ರದಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಚೆನ್ನಾಗಿ ಹೊಡೆಯುತ್ತಾಳೆ, ಅದಕ್ಕಿಂತ ಚೆನ್ನಾಗಿ ಎಸೆಯುತ್ತಾಳೆ. ಹೋದ ವಾರ ಬಂದು, "ಮಿಸ್, ನಾನು ಬೌಲಿಂಗ್ ಬಿಡ್ತೀನಿ. ಎರಡೂ ಮಾಡಿದ್ರೆ ಒಂದನ್ನ ಅಳಿಸ್ತಾರಂತೆ" ಎಂದಳಂತೆ. ತಂಗಿ ನಕ್ಕು ಅವಳ ಕೈಗೆ ಚೆಂಡು ಕೊಟ್ಟು ಕಳಿಸಿದಳು. ಮನೆಗೆ ಬಂದು ಹೇಳುವಾಗ ನಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನಕಲೆಂದು ತೆಗೆದ ಅವಳ ಆಟವನ್ನು, ಅವಳಂತೆಯೇ ಅರ್ಧವಾಗಿರುವ ಉಳಿದ ಆಟಗಾರ್ತಿಯರ ಆಟವನ್ನು, ಎಲ್ಲಿಂದ ತೆಗೆದಿರೋ ಅಲ್ಲೇ ಇಡಿ. ಪುರುಷರ ಕಂಪ್ಯೂಟರ್ ಸ್ವಲ್ಪ ಹೊತ್ತು ಬಿಡುವಾಗಿದ್ದರೆ ಎರವಲು ಪಡೆಯಿರಿ. ಮತ್ತು ಅರ್ಜಿಯಲ್ಲಿ ಇನ್ನೊಂದು ಖಾನೆ ಎಳೆಯಿರಿ. ಒಂದು ಸ್ಕೇಲು, ಒಂದು ಪೆನ್ಸಿಲು ಸಾಕು, ಎರಡೂ ನನ್ನಲ್ಲಿವೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹನ್ನೊಂದು ಪುಸ್ತಕ ಹೊತ್ತುಕೊಂಡು ಆ ನೀರಿನ ಯಂತ್ರದ ಪಕ್ಕ ಬಂದು ಕೂರುತ್ತೇನೆ. ಹನ್ನೆರಡು ವರ್ಷ ಬಿಸಿಲಲ್ಲಿ ಕೂತು ಅಭ್ಯಾಸವಿರುವವಳು. ತಮ್ಮ ಕಚೇರಿಯಲ್ಲಿ ಫ್ಯಾನೂ ಇದೆ. ಏನೂ ಆಗದಿದ್ದರೆ ಗಂಟೆಗೊಂದು ಚುಕ್ಕಿ ಇಡುತ್ತಾ ಕೂತಿರುತ್ತೇನೆ.

ಇಂತಿ,
ಕೊಡಬೇಕಾದ ರನ್ ಒಂದೂ ಇಲ್ಲವೆಂದು ಹತ್ತೊಂಬತ್ತು ವರ್ಷದ ಮೇಲೆ ತಿಳಿದು, ಯಾಕೋ ಬೇಸರಪಟ್ಟುಕೊಂಡಿರುವ
ಓವರ್‌ಟೈಮಿನ ಅಕ್ಕ
(ಒಂದು ಕಾಲದ ಅಧಿಕೃತ ಸ್ಕೋರರ್)